ತವರಿಗೆ ಹೋದ ಟರ್ಬೊ

ಬಂದವರಿಗೆಂದು ಶಾಮಿಯಾನದ ಕೆಳಗಿಟ್ಟಿದ್ದ ಕುಡಿಯುವ ನೀರಿನ ಕ್ಯಾನನ್ನು ಚೆಲುವಯ್ಯ ಎದೆಗವಚಿ ಎತ್ತಿಕೊಂಡು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಗೇಟಿನತ್ತ ನಡೆದ. ಯಾರೂ ತಡೆಯಲಿಲ್ಲ. ಹೆಂಡತಿ ತೀರಿಕೊಂಡ ದಿನ ಗಂಡ ಏನು ಮಾಡಿದರೂ ಅದಕ್ಕೊಂದು ಶಾಸ್ತ್ರವಿರಬೇಕು ಎಂದುಕೊಂಡು ಜನ ಕಾಲು ಹಿಂದಕ್ಕೆಳೆದು ಜಾಗ ಬಿಟ್ಟರು. ಅವನು ಕಾಂಪೌಂಡಿನೊಳಗೆ ನಿಂತಿದ್ದ ಬೂದು ಬಣ್ಣದ ಕಾರಿನ ಮುಂದೆ ಕ್ಯಾನ್ ಇಳಿಸಿ, ಬಾನೆಟ್ಟು ಎತ್ತಿ, ಅದಕ್ಕೆ ಕಡ್ಡಿ ಆನಿಸಿ ನಿಲ್ಲಿಸಿದಾಗಲೇ ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡದ್ದು.

ಒಳಗೆ ಹೆಂಗಸರು ಇಂದ್ರಮ್ಮನಿಗೆ ನೀರು ಹಾಕುತ್ತಿದ್ದರು. ಹೊರಗೆ ಚೆಲುವಯ್ಯ ಅವಳ ಕಾರಿಗೆ ನೀರು ಹಾಕಲು ನಿಂತಿದ್ದ.

"ಅಪ್ಪ, ಏನ್ ಮಾಡ್ತಿದೀರ?" ಮಗಳು ಅನು ಒದ್ದೆ ಕೈಯಲ್ಲೇ ಹೊರಗೆ ಬಂದಳು. ಚಾಮರಾಜಪುರಂನ ತನ್ನ ಮನೆಯಿಂದ ಬೆಳಗಿನ ಜಾವ ಆಸ್ಪತ್ರೆಗೆ ಓಡಿದವಳು ಉಟ್ಟ ಬಟ್ಟೆಯಲ್ಲೇ ಇದ್ದಳು.

"ಕೂಲೆಂಟ್ ತಳ ಕಂಡದೆ ನೋಡು. ಅವಳು ಆಸ್ಪತ್ರೆ ಸೇರಿದ ಮೇಲೆ ಯಾರೂ ಇತ್ಲಾಗೆ ನೋಡೇ ಇಲ್ಲ."

"ಬರೀ ನೀರು ಹಾಕ್ಬಾರ್ದು ಅಂತ ಅಮ್ಮ..." ಅನು ಅಷ್ಟಕ್ಕೇ ನಿಲ್ಲಿಸಿದಳು.

"ಆಪತ್ತಿಗೆ ಹಾಕ್ಬೋದು, ಆಮೇಲೆ ಪೂರಾ ಬಸಿದು ಹೊಸದು ಹಾಕ್ಬೇಕು ಅಂತಾನೂ ಹೇಳಿದ್ಲು. ಇವತ್ತು ಆಪತ್ತಲ್ವೇನವ್ವ?"

ಇಂಜಿನ್ನಿನ ಬಿಸಿ ಹೀರುವ ಗುಲಾಬಿ ಬಣ್ಣದ ದ್ರವಕ್ಕೆ ಕೂಲೆಂಟ್ ಎನ್ನುತ್ತಾರೆ. ಅದು ಕಡಿಮೆಯಾಗುತ್ತಲೇ ಇರುವುದು ಈ ಕಾರಿನ ಹಳೆಯ ಕಾಯಿಲೆ. ದ್ರವ ಹರಿಯುವ ದಾರಿಯಲ್ಲಿ ಪ್ಲಾಸ್ಟಿಕ್ಕಿನ ಒಂದು ಭಾಗವಿದೆ; ವರ್ಷಗಟ್ಟಲೆ ಕಾದು ಕಾದು ಅದು ಕೂದಲೆಳೆಯಷ್ಟು ಸೊಟ್ಟಗಾಗಿತ್ತು. ನೆಲದ ಮೇಲೆ ಹನಿ ಬೀಳುತ್ತಿರಲಿಲ್ಲ. ಸೋರಿದ್ದು ಇಂಜಿನ್ನಿನ ಮೇಲೇ ಆರಿ ಹಕ್ಕಳೆಗಟ್ಟುತ್ತಿತ್ತು. ಯುಗಾದಿ ಕಳೆದ ಮೇಲೆ ಅದನ್ನು ಬದಲಾಯಿಸುವುದೆಂದು ಇಂದ್ರಮ್ಮ ಹೇಳಿದ್ದಳು. ಯುಗಾದಿಗೆ ಅವಳು ಮನೆಯಲ್ಲಿರಲಿಲ್ಲ.

ಮಹದೇವು ಗೇಟಿನೊಳಗೆ ಬಂದ. ಇಂದ್ರಮ್ಮನ ತಮ್ಮ, ಟಿ. ನರಸೀಪುರ ರಸ್ತೆಯಲ್ಲಿ ವರುಣದಾಚೆಗಿನ ಮರಳೇಹುಂಡಿಯಲ್ಲಿ ಬೇಸಾಯ. ಸುದ್ದಿ ಕೇಳಿದ ತಕ್ಷಣ ಅವನು ಆಡಿದ ಮೊದಲ ಮಾತು, "ಅವ್ವನ ಪಕ್ಕದಲ್ಲಿ ಜಾಗ ಅದೆ ಭಾವ, ಅಲ್ಲಿಗೇ ಕರ್ಕೊಂಡೋಗನ" ಎಂಬುದು. ಚೆಲುವಯ್ಯನ ಕಡೆಯ ಜಮೀನು ಅವನ ಅಪ್ಪನ ಕಾಲಕ್ಕೇ ಮುಗಿದಿತ್ತು. ಅವನು ಒಪ್ಪಿ ತಲೆಯಾಡಿಸಿದ್ದ.

"ಭಾವ, ವ್ಯಾನು ಬಂದದೆ. ನೀವು ಅಕ್ಕನ ತಲೆ ತಾವು ಕೂತ್ಕೊಳಿ. ನಾನು ಜೀಪಲ್ಲಿ ಮುಂದ್ಗಡೆ ಓಯ್ತೀನಿ."

"ನಾನು ಕಾರಲ್ಲಿ ಬತ್ತೀನಿ ಮಾದೇವು."

"ಯಾವ ಕಾರಲ್ಲಿ?"

ಚೆಲುವಯ್ಯ ಕೂಲೆಂಟ್ ಡಬ್ಬಿಯ ಮುಚ್ಚಳ ತಿರುಗಿಸಿದ. ಉತ್ತರ ಅದೇ ಆಗಿತ್ತು.

"ಬ್ಯಾಡಿ ಭಾವ. ಇವತ್ತೊಂದಿನ ಬ್ಯಾಡಿ." ಮಹದೇವು ದನಿ ತಗ್ಗಿಸಿದ. "ಇದು ದಾರೀಲಿ ನಿಂತ್ರೆ? ಅಕ್ಕನ್ನ ಮುಂದೆ ಇಟ್ಕೊಂಡು ನಾವು ಹಿಂದೆ ಕಾರು ನೂಕ್ತಾ ಕೂರೋದಾ?"

ಪಕ್ಕದ ಮನೆಯ ವಾಗೀಶ ಹತ್ತಿರ ಬಂದರು. "ನನ್ನ ಕಾರು ತಗೊಂಡು ಹೋಗಿ ಚೆಲುವಯ್ಯನೋರೆ. ಟ್ಯಾಂಕ್ ಫುಲ್ ಇದೆ, ಡ್ರೈವರೂ ಇದಾನೆ. ಸಂಕೋಚ ಬೇಡ ಕಣ್ರೀ."

"ನಿಮ್ಮ ಕಾರು ಬೇಕೇ ಬೇಕು ಸ್ವಾಮಿ," ಎಂದ ಚೆಲುವಯ್ಯ. "ಒಂದ್ ಚೂರು ಇತ್ಲಾಗೆ ತಂದ್ರೆ ವೈರು ಕೊಟ್ಟು ಇದನ್ನ ಸ್ಟಾರ್ಟ್ ಮಾಡ್ಬೋದು. ನಿಂತೂ ನಿಂತೂ ಬ್ಯಾಟ್ರಿ ಮಲಗದೆ."

ವಾಗೀಶ ಮಹದೇವುವಿನ ಮುಖ ನೋಡಿದರು. ಮಹದೇವು ಆಕಾಶ ನೋಡಿದ. ಆಮೇಲೆ ಹೊರಗೆ ಹೋಗಿ, ತನ್ನ ಜೀಪಿನಿಂದ ತೋಳು ದಪ್ಪದ ನೈಲಾನ್ ಹಗ್ಗದ ಸುರುಳಿಯೊಂದನ್ನು ತಂದು, ಯಾರನ್ನೂ ಕೇಳದೆ ಕಾರಿನ ಡಿಕ್ಕಿಯಲ್ಲಿಟ್ಟು ಮುಚ್ಚಿದ.

ಚೆಲುವಯ್ಯ ಅದನ್ನು ಕಂಡ. ಆ ಹಗ್ಗದ ವಿಷಯ ಅಲ್ಲಿದ್ದ ನೆಂಟರಿಗೆಲ್ಲ ಗೊತ್ತಿತ್ತು.

*

ಇಂದ್ರಮ್ಮ ಅಂಗನವಾಡಿಗಳ ಮೇಲ್ವಿಚಾರಕಿಯಾಗಿದ್ದವಳು. ಕೆಲಸದಲ್ಲಿದ್ದಷ್ಟು ವರ್ಷವೂ ಊರೂರಿನ ಕ್ರಾಸುಗಳಲ್ಲಿ ಬಸ್ಸಿಗೆ ಕಾದಳು. ಬಸ್ಸು ಬಾರದ ದಿನ ಹಾಲಿನ ಟೆಂಪೊ ಹತ್ತಿದಳು, ಇಟ್ಟಿಗೆ ಲಾರಿ ಹತ್ತಿದಳು, ಒಮ್ಮೆ ಮದುವೆ ದಿಬ್ಬಣದ ವ್ಯಾನು ಹತ್ತಿ ಊಟ ಮಾಡಿಕೊಂಡೂ ಬಂದಳು. ನಿವೃತ್ತಿಯ ವರ್ಷ, ಎಲ್ಲರೂ ಒಡವೆ ಮಾಡಿಸಿಕೋ ಎನ್ನುತ್ತಿದ್ದಾಗ, ಕಾರು ಕಲಿತು, ಆಗಲೇ ಒಬ್ಬರು ಓಡಿಸಿದ್ದ ಈ ಕಾರನ್ನು ಕೊಂಡಳು. ಹೊರದೇಶದ ಕಂಪನಿಯದು. ಟರ್ಬೊ ಇರುವ ಪೆಟ್ರೋಲ್ ಇಂಜಿನ್: ಸಾವಿರದ ಇನ್ನೂರು ಸಿಸಿ, ನಾಲ್ಕು ಸಿಲಿಂಡರು, ನೂರ ಐದು ಅಶ್ವಶಕ್ತಿ.

ಮಹದೇವು ಅದರ ಸುತ್ತ ಒಂದು ಸುತ್ತು ಬಂದು ಟೈರಿಗೆ ಒದ್ದಿದ್ದ. "ಅಲ್ಲಕ್ಕ, ಡೀಸೆಲ್ ಗಾಡಿ ತಗೊಬಾರ್ದಿತ್ತಾ? ಎಮ್ಮೆ ಅಂಗೆ ದುಡೀತದೆ. ಇದೇನು, ಇಷ್ಟುದ್ದ ಇಂಜಿನ್ನು, ಅಷ್ಟುದ್ದ ಪವರ್ರು. ಟರ್ಬೊ ಅಂದ್ರೆ ಏನು ಅಂತಾನಾದ್ರೂ ಗೊತ್ತಾ?"

"ಅವ್ವ ಊದ್ಗೊಳವೇಲಿ ಒಲೆ ಊದ್ತಿರ್ಲಿಲ್ವೇನೋ? ಗಾಳಿ ಕೊಟ್ಟಷ್ಟೂ ಬೆಂಕಿ ಜೋರು. ಇದ್ರಲ್ಲಿ ಹೊರಗೆ ಹೋಗೋ ಹೊಗೇನೇ ಒಂದು ಗಿರಗಿಟ್ಲೆ ತಿರುಗ್ಸತ್ತೆ, ಆ ಗಿರಗಿಟ್ಲೆ ಒಳಗಡೆ ಗಾಳಿ ಒತ್ತತ್ತೆ. ಸಣ್ಣ ಒಲೇಲಿ ದೊಡ್ಡ ಅಡಿಗೆ."

"ಅವ್ವ ಊದಿ ಊದಿ ಕೆಮ್ಮು ಬಂತು," ಎಂದಿದ್ದ ಮಹದೇವು. "ಬರ್ದಿಟ್ಕೊ. ಇವತ್ತಲ್ಲ ನಾಳೆ ಈ ಕಾರು ನಮ್ಮೂರಿಗೆ ಹಗ್ಗ ಕಟ್ಟಿಸ್ಕೊಂಡೇ ಬತ್ತದೆ. ನಾನೇ ಟ್ರಾಕ್ಟರಲ್ಲಿ ಎಳ್ಕೊಂಡು ಬತ್ತೀನಿ."

"ಹಗ್ಗ ಕಟ್ಟಿಸ್ಕೊಂಡು ತವರಿಗೆ ಬರೋಕೆ ನಾನೇನ್ ಹಸುವೇನೋ?"

ಅಂದಿನಿಂದ ಅದು ಅಕ್ಕತಮ್ಮಂದಿರ ಪಂಥವಾಯಿತು. ಗೌರಿ ಹಬ್ಬಕ್ಕೆ, ಊರ ಮದುವೆಗಳಿಗೆ, ತಿಥಿಗಳಿಗೆ ಇಂದ್ರಮ್ಮ ಕಾರು ತೆಗೆದುಕೊಂಡು ಹೋಗುತ್ತಿದ್ದಳು. ಹೆಬ್ಬಾಗಿಲಲ್ಲಿ ಜೋರಾಗಿ ಹಾರ್ನು ಬಾರಿಸುತ್ತಿದ್ದಳು. ಮಹದೇವು ಜಗಲಿಯಿಂದ ಎದ್ದು ಬಂದು ಕಾರಿನ ಮೂತಿಯ ಕೆಳಗೆ ಬಗ್ಗಿ, ಹಗ್ಗ ಕಟ್ಟಿದ ಗುರುತು ಹುಡುಕುತ್ತಿದ್ದ. ಕಾರಿಗೆ ಏನೂ ಆಗಲಿಲ್ಲವೆಂದಲ್ಲ. ಕೆಟ್ಟಿತು, ಹಲವು ಸಲ ಕೆಟ್ಟಿತು. ಆದರೆ ಪ್ರತಿ ಸಲವೂ ಮೈಸೂರಿನಲ್ಲೇ ಕೆಟ್ಟಿತು, ಉದಯಗಿರಿಯ ವರ್ಕ್‌ಶಾಪಿನಲ್ಲೇ ರಿಪೇರಿಯಾಯಿತು. ಆ ಸುದ್ದಿ ವರುಣ ದಾಟದಂತೆ ಗಂಡ ಹೆಂಡತಿ ಇಬ್ಬರೂ ನೋಡಿಕೊಂಡರು.

*

ವಾಗೀಶರ ಕಾರಿನಿಂದ ವೈರು ಕೊಟ್ಟು ಸ್ಟಾರ್ಟ್ ಮಾಡಿದಾಗ ಇಂಜಿನ್ನು ಮೊದಲು ಕಟಕಟ ಹಲ್ಲು ಕಡಿಯಿತು. ಚಾಲಕಿಯ ಸೀಟಿನಲ್ಲಿದ್ದ ಅನು ಗಾಬರಿಯಾಗಿ ಅಪ್ಪನತ್ತ ನೋಡಿದಳು.

"ಇಂಜಿನ್ನೊಳಗಿನ ಚೈನು ಅದು. ಎಣ್ಣೆ ಮೇಲಕ್ಕೆ ಹತ್ಲಿ, ನಿಲ್ಲುತ್ತೆ."

ನಿಂತಿತು. ಚೆಲುವಯ್ಯ ಡಿಕ್ಕಿ ತೆರೆದು ಹಗ್ಗದ ಸುರುಳಿಯನ್ನು ಎತ್ತಿ ಕಾಂಪೌಂಡಿನ ಗೋಡೆಯ ಮೇಲಿಟ್ಟ. ಮಹದೇವು ನೋಡುತ್ತಲೇ ಇದ್ದ.

"ಭಾವ, ನಾನು ಕುಚೋದ್ಯಕ್ಕೆ ಇಟ್ಟಿದ್ದಲ್ಲ. ಆಣೆ."

"ಗೊತ್ತು ಕಣಪ್ಪ. ಆದ್ರೂ ಬ್ಯಾಡ."

ಅಷ್ಟರಲ್ಲಿ ಇಂದ್ರಮ್ಮನನ್ನು ಹೊರಗೆ ತಂದರು. ಮುತ್ತೈದೆ ಎಂದು ಕೈತುಂಬ ಹಸಿರು ಬಳೆ ತೊಡಿಸಿ, ಹಣೆಗೆ ಅಗಲ ಕುಂಕುಮವಿಟ್ಟು, ಮಲ್ಲಿಗೆ ಮುಡಿಸಿದ್ದರು. ಆಸ್ಪತ್ರೆಯಲ್ಲಿ ಸವೆದ ಕೈಗೆ ಬಳೆ ದೊಡ್ಡದಾಗಿ ಮೊಣಕೈವರೆಗೆ ಜಾರುತ್ತಿದ್ದವು. ಮಹದೇವುವಿನ ಹೆಂಡತಿ ಲಕ್ಷ್ಮಮ್ಮ ಅವನ್ನು ಮತ್ತೆ ಮತ್ತೆ ಮಣಿಕಟ್ಟಿಗೆ ತರುತ್ತಿದ್ದಳು. ಚೆಲುವಯ್ಯ ಬಾಯಿಗೆ ಹಾಲುನೀರು ಬಿಟ್ಟ. ವ್ಯಾನಿನ ಬಾಗಿಲು ಮುಚ್ಚಿತು.

ಗಂಡ ವ್ಯಾನಿನಲ್ಲಿ ಕೂರುವುದಿಲ್ಲವಂತೆ ಎಂಬ ಮಾತು ಹಿಂದಿನ ಸಾಲಿನವರೆಗೂ ಹೋಯಿತು. ಹಿರಿಯರೊಬ್ಬರು, "ಇದ್ಯಾವ ಪದ್ಧತಿಯಪ್ಪ?" ಎಂದರು. ಚೆಲುವಯ್ಯ ಅವರ ಎದುರು ನಿಂತು ಮೆಲ್ಲಗೆ ಹೇಳಿದ: "ನೀವು ಬಯ್ಯೋದು ನ್ಯಾಯ. ಆದ್ರೆ ಅವಳು ಊರಿಗೆ ಹೋಗುವಾಗೆಲ್ಲ ನಾನು ಈ ಎಡಗಡೆ ಸೀಟಲ್ಲೇ ಕೂತು ಹೋಗಿದೀನಿ. ಕಾರು ತಗೊಂಡ ಮೇಲೆ ಅದನ್ನ ಬಿಟ್ಟು ಅವಳು ಒಂದು ಸಲಾನೂ ತವರಿಗೆ ಹೋಗಿಲ್ಲ. ಇವತ್ತೂ ಹೋಗ್ಬಾರ್ದು."

ಮಹದೇವು ಜೀಪಿನ ಕೀಲಿಯನ್ನು ಊರಿನವನೊಬ್ಬನ ಕೈಗೆ ಹಾಕಿ, ಕಾರಿನ ಹಿಂದಿನ ಬಾಗಿಲು ತೆರೆದು, "ಲಕ್ಷ್ಮೀ, ನೀನೂ ಹತ್ತು," ಎಂದ. "ನಿಂತ್ರೆ ನೂಕೋಕಾದ್ರೂ ಜನ ಬೇಕಲ್ಲ."

*

ಚೆಲುವಯ್ಯ ರೇಷ್ಮೆ ಕಾರ್ಖಾನೆಯಲ್ಲಿ ಮಗ್ಗದ ಮುಂದೆ ಬಾಳು ಕಳೆದವನು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳದು. ಅಲ್ಲಿ ಕೈಸನ್ನೆ, ಕಣ್ಸನ್ನೆಯೇ ಭಾಷೆ. ಮನೆಯಲ್ಲೂ ಅವನಿಗೆ ಮಾತು ಬರುತ್ತಿರಲಿಲ್ಲ. ಕಾರು ಕಲಿಯುವ ಪ್ರಯತ್ನ ಒಂದೇ ದಿನಕ್ಕೆ, ವಾಗೀಶರ ತುಳಸಿಕಟ್ಟೆಯ ಬಳಿ ಮುಗಿದಿತ್ತು. ಕಾರಿನ ವಿಷಯದಲ್ಲಿ ಅವನ ಪಾಲಿಗೆ ಉಳಿದದ್ದು ಒರೆಸುವ ಕೆಲಸ.

ಕಾರು ಬಂದ ವರ್ಷದ ಆಯುಧಪೂಜೆಗೆ ಅವನು ಹೆಂಡತಿಗೆ ಸಂತೋಷವಾಗಲೆಂದು, ಅವಳು ಏಳುವ ಮೊದಲೇ ಬಾನೆಟ್ಟು ಎತ್ತಿ, ಪೈಪು ಹಿಡಿದು ಇಂಜಿನ್ನಿಗೆ ತಲೆಸ್ನಾನ ಮಾಡಿಸಿದ. ಹಿತ್ತಾಳೆ ಬಿಂದಿಗೆಯಂತೆ ತೊಳೆದ. ವಿಭೂತಿ ಪಟ್ಟೆ ಎಳೆದ, ಚೆಂಡು ಹೂವಿನ ಹಾರ ಹಾಕಿದ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ. ಇಂದ್ರಮ್ಮ ಬಂದು ಸ್ಟಾರ್ಟ್ ಮಾಡಿದಳು. ಕಾರು ಮೈಮೇಲೆ ದೇವರು ಬಂದಂತೆ ನಡುಗಿತು. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಆದರೆ ಗೇಟು ದಾಟುವಷ್ಟರಲ್ಲಿ ಮುಂದಿನ ಫಲಕದಲ್ಲಿ ಹಳದಿ ದೀಪ ಮಿಟುಕತೊಡಗಿತು. ಕಿಡಿ ಹಚ್ಚುವ ಪ್ಲಗ್ಗುಗಳ ಗುಳಿಯಲ್ಲಿ ನೀರು ನಿಂತಿತ್ತು. ಅವಕ್ಕೆ ಕರೆಂಟು ಕೊಡುವ ನಾಲ್ಕು ಕಾಯಿಲುಗಳಲ್ಲಿ ಒಂದು ಸುಟ್ಟಿತ್ತು. ನಾಲ್ಕು ಸಿಲಿಂಡರಿನ ಕಾರು ಮೂರರಲ್ಲಿ ಕುಂಟುತ್ತ ಉದಯಗಿರಿ ಸೇರಿತು.

ಅವಳು ಬಯ್ಯುತ್ತಾಳೆಂದು ಅವನು ದಿನವಿಡೀ ಕಾದ. ಸಂಜೆ ರಿಪೇರಿ ಮುಗಿಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿದಾಗ ಅವನು ಬಾಗಿಲು ತೆಗೆಯಲು ಹೋದ.

"ಒಂದು ನಿಮಿಷ ತಡೀರಿ," ಎಂದಳು. "ಇದನ್ನ ತಕ್ಷಣ ಆಫ್ ಮಾಡ್ಬಾರ್ದು. ಆ ಗಿರಗಿಟ್ಲೆ ನಿಮಿಷಕ್ಕೆ ಲಕ್ಷ ಸುತ್ತು ತಿರುಗತ್ತೆ, ಕೆಂಡದ ಹಾಗೆ ಕಾದಿರತ್ತೆ. ಇಂಜಿನ್ನು ಓಡ್ತಿದ್ರೆ ಎಣ್ಣೆ ಹರಿದು ಅದನ್ನ ತಂಪು ಮಾಡತ್ತೆ. ಥಟ್ಟಂತ ನಿಲ್ಸಿದ್ರೆ ಎಣ್ಣೆ ಅಲ್ಲೇ ಸೀದು ಕರಿಯಾಗತ್ತೆ."

"ಇಂಜಿನ್ನು ಓಡ್ತಾ ಸುಮ್ನೆ ಕೂತಿರೋದಾ?"

"ಹೂಂ. ಏನಾದ್ರೂ ಮಾತಾಡಿ."

ಅವನು ಬಹಳ ಯೋಚಿಸಿ, "ನಿಂಗೆ ಸಂತೋಷ ಆಗ್ಲಿ ಅಂತ ತೊಳೆದಿದ್ದು," ಎಂದ. ಅವಳು ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ಆ ನಿಮಿಷ ಅವರ ಮನೆಯ ಪದ್ಧತಿಯಾಯಿತು. ಮನೆಯೊಳಗೆ ಆಡದ ಮಾತನ್ನು ಚೆಲುವಯ್ಯ ಅಲ್ಲಿ, ಸ್ಟಾರ್ಟ್ ಆಗಿದ್ದ ಕಾರಿನಲ್ಲಿ, ಮುಂದಿನ ಗೇಟನ್ನು ನೋಡುತ್ತ ಆಡುತ್ತಿದ್ದ. ಅನು ಮೆಚ್ಚಿದ ಹುಡುಗನನ್ನು ಒಪ್ಪಿದ್ದು ಅಲ್ಲಿ. ತನ್ನ ಎಡಗಿವಿ ಕೇಳುತ್ತಿಲ್ಲವೆಂದು ಹೇಳಿದ್ದು ಅಲ್ಲಿ. ಇಂಜಿನ್ನು ಜಾಸ್ತಿ ಕಾದಿದ್ದ ದಿನ, ಕೀ ತೆಗೆದ ಮೇಲೂ ಮುಂದಿನ ಫ್ಯಾನು ತನ್ನಷ್ಟಕ್ಕೆ ಕೆಲವು ನಿಮಿಷ ತಿರುಗುತ್ತಿತ್ತು. ಮೊದಲ ಸಲ ಅದನ್ನು ಕೇಳಿದಾಗ ಅವನು ಬೆಚ್ಚಿ, "ಇಂದ್ರ, ಆಫ್ ಮಾಡೋದು ಮರ್ತೆ ನೀನು," ಎಂದು ಕೂಗಿದ್ದ.

"ಮರ್ತಿಲ್ಲ. ತನ್ನ ಬಿಸಿ ತಾನೇ ಆರಿಸ್ಕೊಳ್ಳತ್ತೆ ಬುಡಿ. ಒಳಗೆ ಬನ್ನಿ, ಕಾಫಿ ಇಡ್ತೀನಿ."

ಅವನು ಒಳಗೆ ಹೋಗಲಿಲ್ಲ. ಫ್ಯಾನು ಪೂರ್ತಿ ನಿಲ್ಲುವ ತನಕ ಗೇಟು ಹಿಡಿದು ನಿಂತು, ನಿಂತ ಮೇಲೆ ಚಿಲಕ ಹಾಕಿದ. ಮುಂದೆ ಅದೂ ಪದ್ಧತಿಯಾಯಿತು.

ಕಳೆದ ಮಾಗಿಯಲ್ಲಿ ಒಂದು ಸಂಜೆ, ಡಾಕ್ಟರನ್ನು ಕಂಡು ಬಂದಾಗ, ಅವಳು ಮನೆಯ ಮುಂದೆ ಕಾರು ನಿಲ್ಲಿಸಿ, ಗೇಟು ನೋಡುತ್ತ, ಸ್ಕ್ಯಾನಿನಲ್ಲಿ ಏನಿತ್ತೆಂದು ಹೇಳಿದಳು. ಆ ದಿನ ಇಂಜಿನ್ನು ಬಹಳ ಹೊತ್ತು ಓಡಿತು. ಹೊರಗೆ ಬಂದ ವಾಗೀಶರು, ಪೆಟ್ರೋಲು ಸುಮ್ಮನೆ ಉರಿಯುತ್ತಿದೆ ಎಂದು ಹೇಳಲು ಬಾಯಿ ತೆರೆದು, ಇಬ್ಬರನ್ನೂ ನೋಡಿ ಒಳಗೆ ಹೋದರು.

*

ರಿಂಗ್ ರಸ್ತೆ ದಾಟಿ ವರುಣದವರೆಗೂ ಕಾರು ಚೆನ್ನಾಗಿಯೇ ಓಡಿತು. ಎದುರು ಗಾಳಿ ಬಡಿಯುತ್ತಿದ್ದುದರಿಂದ ಶಾಖದ ಮುಳ್ಳು ನಡುವೆಯೇ ನಿಂತಿತ್ತು. ಅನು ವ್ಯಾನಿನ ಹಿಂದೆ ಅಂತರವಿಟ್ಟು ಓಡಿಸುತ್ತಿದ್ದಳು. ಈ ಕಾರನ್ನು ಅವಳು ಹಿಂದೆಯೂ ಓಡಿಸಿದ್ದಳು, ಆದರೆ ಪಕ್ಕದಲ್ಲಿ ಅಮ್ಮ ಕೂತಿದ್ದಾಗ ಮಾತ್ರ. ಗೇರು ಬದಲಿಸಿದಾಗಲೆಲ್ಲ ಒಂದು ಟೀಕೆ ಬರುತ್ತಿತ್ತು. ಈಗ ಗೇರು ಬದಲಿಸಿದಾಗಲೆಲ್ಲ ಸುಮ್ಮನೆ ಎಡಕ್ಕೆ ಕಣ್ಣು ಹಾಯಿಸುತ್ತಿದ್ದಳು.

"ಎಳೀತಾ ಇದ್ಯಾ?" ಚೆಲುವಯ್ಯ ಕೇಳಿದ.

"ಎಳೀತಿದೆ ಅಪ್ಪ. ಏರಲ್ಲಿ ಸ್ವಲ್ಪ ತಡವರಿಸ್ತು."

"ವಾಲ್ವ್ ಮೇಲೆ ಕರಿ ಕೂತದೆ. ಪೆಟ್ರೋಲು ಸೀದಾ ಸಿಲಿಂಡರಿಗೇ ಹೋಗೋದ್ರಿಂದ ಇದ್ರಲ್ಲಿ ವಾಲ್ವ್ ತೊಳೆಯೋರು ಯಾರೂ ಇಲ್ವಂತೆ. ಬಿಚ್ಚಿ ಕೆರೀಬೇಕು ಅಂತಿದ್ಲು. ಇನ್ನು ಟರ್ಬೊ ಕಾದಿರತ್ತೆ, ಗಾಡಿ ನಿಲ್ಸಿದ್ ಮೇಲೂ ಒಂದು ನಿಮಿಷ ಬುಟ್ಟೇ ಆಫ್ ಮಾಡ್ಬೇಕು."

"ಅಲ್ಲ ಭಾವ," ಹಿಂದಿನಿಂದ ಮಹದೇವು ಬಾಯಿ ಹಾಕಿದ. "ಈ ಕಾರಿಗೆ ಇಷ್ಟೊಂದು ಕಾಯಿಲೆ ಇತ್ತಾ? ನಮ್ಗೆ ಒಂದಿನಾನೂ ಹೇಳ್ಲಿಲ್ಲ ಅಕ್ಕ!"

"ನಿಂಗೆ ಹೇಳಿದ್ರೆ ಹಗ್ಗ ತತ್ತಿದ್ದೆ," ಎಂದಳು ಲಕ್ಷ್ಮಮ್ಮ. ಯಾರೋ ಒಬ್ಬರು ನಕ್ಕರು. ಯಾರೆಂದು ತಿಳಿಯುವ ಮೊದಲೇ ನಗು ನಿಂತಿತು.

ಮರಳೇಹುಂಡಿಯ ಹೆಬ್ಬಾಗಿಲಲ್ಲಿ ತಮಟೆಯವರು ಕಾದಿದ್ದರು. ಅಲ್ಲಿಂದ ಹೊಲದ ಬದುವಿನವರೆಗೆ ಊರ ನಡುವೆಯೇ ದಾರಿ. ಪ್ರತಿ ಮನೆಯ ಮುಂದೆಯೂ ವ್ಯಾನು ನಿಲ್ಲಬೇಕು, ಹೂವು ಹಾಕಬೇಕು, ಕೈ ಮುಗಿಯಬೇಕು. ಮಹದೇವುವಿನ ಟ್ರಾಕ್ಟರು ನೀರಿನ ಡ್ರಮ್ಮು ಹೇರಿಕೊಂಡು ಕಾರಿನ ಹಿಂದೆ ಸೇರಿಕೊಂಡಿತು. ಮೆರವಣಿಗೆ ಆಮೆಯಂತೆ ಸಾಗಿತು. ಗಾಳಿಯಿಲ್ಲ. ಚೈತ್ರದ ನಡುಹಗಲು. ಮೂರನೆಯ ಮನೆ ದಾಟುವಷ್ಟರಲ್ಲಿ ಮುಳ್ಳು ನಡುವಿನಿಂದ ಮೇಲಕ್ಕೆ ಹೊರಟಿತು.

"ಅಪ್ಪ, ಏರ್ತಿದೆ."

"ಎಸಿ ಆಫ್ ಮಾಡು."

"ಆಗ್ಲೇ ಮಾಡಿದೀನಿ."

ಸಿಹಿಸಿಹಿಯಾದ ಬಿಸಿ ವಾಸನೆ ಒಳಗೆ ಬಂತು. ಮಹದೇವು ಮುಂದಕ್ಕೆ ಬಗ್ಗಿ ಮುಳ್ಳು ನೋಡಿದ. "ಆಫ್ ಮಾಡ್ಬುಡವ್ವ ಅನು. ಇಂಜಿನ್ ಸೀಜ್ ಆದ್ರೆ ಕಷ್ಟ."

ಆಫ್ ಮಾಡಿದರೆ ಕಾರು ಅಲ್ಲಿಗೆ ನಿಂತಂತೆ. ಬ್ಯಾಟರಿ ಮತ್ತೆ ಎಬ್ಬಿಸುವುದಿಲ್ಲ. ಕಿರಿದಾದ ಬೀದಿ; ಹಿಂದೆ ಟ್ರಾಕ್ಟರು, ಅದರ ಹಿಂದೆ ಇಡೀ ಊರು. ಟ್ರಾಕ್ಟರಿನವನು ಇಳಿದು ಓಡಿಬಂದು ಕಿಟಕಿಯಲ್ಲಿ ತಲೆ ಹಾಕಿದ. "ಮಾದೇವಣ್ಣ, ಹಗ್ಗ ಕಟ್ಟನಾ?"

ಚೆಲುವಯ್ಯನ ಕೈ ಡ್ಯಾಶ್‌ಬೋರ್ಡಿನ ಮೇಲೆ ನಿಂತಿತು.

*

ಒಂದು ಬೇಸಿಗೆ, ನಂಜನಗೂಡಿನಿಂದ ಬರುವಾಗ ರೈಲ್ವೆ ಗೇಟು ಬಿದ್ದಿತ್ತು. ಹಿಂದೆ ಮುಂದೆ ಲಾರಿ ಸಾಲು. ಮುಳ್ಳು ಹೀಗೇ ಏರಿತ್ತು. ಇಂದ್ರಮ್ಮ ಕಿಟಕಿಗಳನ್ನೆಲ್ಲ ಇಳಿಸಿ ಹೀಟರನ್ನು ಪೂರ್ತಿ ತಿರುಗಿಸಿದ್ದಳು. ಕುಲುಮೆಯಂಥ ಗಾಳಿ ಮುಖಕ್ಕೆ ರಾಚಿತು.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದಿದ್ದ ಚೆಲುವಯ್ಯ.

"ಹೀಟರ್ ಬಿಸಿ ಎಲ್ಲಿಂದ ಬರತ್ತೆ? ಇಂಜಿನ್ನಿಂದಾನೇ. ಅದರ ಬಿಸಿ ನಾವು ಹಂಚ್ಕೊಂಡ್ರೆ ಅದು ತಡ್ಕೊಳ್ಳತ್ತೆ." ಸೆರಗಿನಿಂದ ಅವನ ಹಣೆ ಒರೆಸಿ ಅವಳು ಹೇಳಿದ್ದಳು, "ಇನ್ನೊಂಚೂರು ಬೇಯಿರಿ. ಮನೆಗೆ ಹೋಗಿ ಮಜ್ಜಿಗೆ ಕೊಡ್ತೀನಿ."

*

"ಕಿಟಕಿ ಎಲ್ಲಾ ಇಳಿಸು ಅನು," ಎಂದ ಚೆಲುವಯ್ಯ. "ಹೀಟರ್ ಹಾಕು. ಪೂರ್ತಿ. ಗಾಳೀನೂ ಪೂರ್ತಿ."

ಅನು ಅಪ್ಪನ ಮುಖ ನೋಡಿದಳು. ಆಮೇಲೆ ಏನೋ ನೆನಪಾದವಳಂತೆ ಎರಡೂ ಗುಂಡಿಗಳನ್ನು ಕೊನೆಯವರೆಗೆ ತಿರುಗಿಸಿದಳು.

ಬಿಸಿ ನುಗ್ಗಿತು. ಲಕ್ಷ್ಮಮ್ಮ, "ಅಯ್ಯೋ ಶಿವನೇ," ಎಂದು ಸೆರಗು ಬಾಯಿಗಿಟ್ಟುಕೊಂಡಳು. ಅವಳ ಹಣೆಯ ಕುಂಕುಮ ಕರಗಿ ಮೂಗಿನ ಮೇಲೆ ಇಳಿಯಿತು. ಅನುವಿನ ಗಲ್ಲದಿಂದ ಬೆವರು ಸ್ಟಿಯರಿಂಗ್ ಮೇಲೆ ತೊಟ್ಟಿಕ್ಕುತ್ತಿತ್ತು. ಮಹದೇವು ಅಂಗಿಯ ಗುಂಡಿ ಬಿಚ್ಚಿ ಟವೆಲ್ಲಿನಿಂದ ಮುಖ ಒತ್ತಿಕೊಂಡ. ಟ್ರಾಕ್ಟರಿನವನು ಕಿಟಕಿಯ ಪಕ್ಕದಲ್ಲೇ ನಡೆಯುತ್ತಿದ್ದವನು ಒಳಗಿನ ಝಳಕ್ಕೆ ಹಿಂದೆ ಸರಿದು, ಮತ್ತೆ ಬಗ್ಗಿ, "ಹಗ್ಗ ತರ್ಲಾ ಅಣ್ಣ?" ಎಂದ.

"ಮುಚ್ಕೊಂಡು ನಡಿಯೋ ಅತ್ಲಾಗೆ," ಮಹದೇವು ಗುಡುಗಿದ. "ಹಗ್ಗವಂತೆ ಹಗ್ಗ. ನಮ್ಮಕ್ಕನ ಕಾರು ಕಣ್ಲಾ ಇದು!"

ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿ ನಿಂತಿತು. ಅಲ್ಲೇ ನಡುಗುತ್ತಿತ್ತು, ದಾಟಲಿಲ್ಲ.

ಜಗಲಿಗಳ ಮೇಲೆ ನಿಂತಿದ್ದ ಹೆಂಗಸರು ಕಾರಿನೊಳಗಿನ ನಾಲ್ಕು ಒದ್ದೆ ಮುಖಗಳನ್ನು ನೋಡಿ ತಮ್ಮ ಕಣ್ಣನ್ನೂ ಒರೆಸಿಕೊಂಡರು. "ನೋಡವ್ವ, ಎಂಗೆ ಅಳ್ತಾವ್ರೆ. ಮಾದೇವು ಅತ್ತಿದ್ದು ನಾನ್ ಕಂಡೇ ಇಲ್ಲ," ಎಂದು ಒಬ್ಬಳು ಹೇಳಿದ್ದು ತೆರೆದ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು. ಬೆಳಗಿನಿಂದ ವ್ಯಾನು, ಗುಂಡಿ, ತಮಟೆ ಎಂದು ಓಡಾಡುತ್ತಿದ್ದ ಮಹದೇವು ಈಗ ಟವೆಲ್ಲಿನಲ್ಲಿ ಮುಖ ಹುದುಗಿಸಿ ಕೂತಿದ್ದ. ಅವನ ಭುಜ ಅಲುಗುತ್ತಿತ್ತು. ಬೀದಿ ಮುಗಿಯುವವರೆಗೂ ಅವನು ಟವೆಲ್ಲು ತೆಗೆಯಲಿಲ್ಲ. ಹೀಟರು ಕಡಿಮೆ ಮಾಡಿ ಎಂದು ಯಾರೂ ಕೇಳಲಿಲ್ಲ.

ಬದುವಿನ ಬಳಿ ಬೇವಿನ ಮರದ ನೆರಳಲ್ಲಿ ಅನು ಕಾರು ನಿಲ್ಲಿಸಿದಳು. ಮುಂದೆ ವ್ಯಾನಿನ ಬಾಗಿಲು ತೆರೆದು ಇಂದ್ರಮ್ಮನನ್ನು ಚಟ್ಟದ ಮೇಲೆ ಇಳಿಸುತ್ತಿದ್ದರು. ಹೆಗಲು ಕೊಡುವವರು ಮಹದೇವುವಿಗಾಗಿ ಹಿಂತಿರುಗಿ ನೋಡಿದರು. ಅನುವಿನ ಕೈ ಕೀಲಿಗೆ ಹೋಯಿತು.

"ತಡಿಯವ್ವ," ಎಂದ ಮಹದೇವು. "ಒಂದು ನಿಮಿಷ ಬುಡ್ಬೇಕಂತಲ್ಲ. ಅಕ್ಕ ಯಾವಾಗ್ಲೂ ನಮ್ಮನೆ ಮುಂದೆ ನಿಲ್ಸಿ, ಇಳೀದಂಗೆ ಕೂತಿರೋಳು. ಪಟ್ಣದೋಳಾಗ್ಬುಟ್ಳು, ಜಂಬ ಅನ್ಕೊಂಡಿದ್ದೆ ನಾನು."

ಯಾರೂ ಬಾಗಿಲು ತೆಗೆಯಲಿಲ್ಲ. ಇಂಜಿನ್ನು ಸಣ್ಣಗೆ ಗುಂಯ್ ಎನ್ನುತ್ತಿತ್ತು. ಹೊರಗಿನವರು ಕರೆಯಲು ಬಂದು, ಒಳಗೆ ನೋಡಿ, ಹಾಗೇ ನಿಂತರು. ಚೆಲುವಯ್ಯ ಮುಂದಿನ ಗಾಜಿನಾಚೆ ನೋಡುತ್ತಿದ್ದ. ಏನಾದರೂ ಮಾತಾಡಬೇಕಿತ್ತು.

"ಬಂದ್ಬುಟ್ಟೋ ಇಂದ್ರ," ಎಂದ.

ಅನು ಕೀ ತಿರುಗಿಸಿದಳು.

ರಸ್ತೆಯಿಂದ ಗುಂಡಿ ಹತ್ತಿಪ್ಪತ್ತು ಮಾರಷ್ಟೇ ದೂರ. ಮಹದೇವು ಓಡಿಹೋಗಿ ಮುಂದಿನ ಹೆಗಲು ಕೊಟ್ಟ. ತಾಯಿಯ ಸಮಾಧಿಯ ಪಕ್ಕದಲ್ಲಿ ಇಂದ್ರಮ್ಮನನ್ನು ಇಳಿಸಿದರು. ತಮಟೆ ನಿಂತಿತು. ಹಿರಿಯರು ಚೆಲುವಯ್ಯನ ಕೈಗೆ ಒಂದು ಹಿಡಿ ಮಣ್ಣು ಕೊಟ್ಟು, "ಹಾಕಪ್ಪ," ಎಂದರು.

ಅವನು ಹಾಕಲಿಲ್ಲ. ಮುಷ್ಟಿ ಮುಂದೆ ಚಾಚಿ ನಿಂತ. ಇನ್ನೊಮ್ಮೆ ಹೇಳಿದರು. ಯಾರೋ ಅವನ ಬೆನ್ನು ಸವರಿದರು. ಅವನು ತಲೆಯನ್ನು ಸ್ವಲ್ಪ ಓರೆ ಮಾಡಿ, ಬಲಗಿವಿಯನ್ನು ರಸ್ತೆಯ ಕಡೆಗೆ ಕೊಟ್ಟಿದ್ದ.

ಮೊದಲು ಅನುವಿಗೆ ಕೇಳಿಸಿತು. ಆಮೇಲೆ ಮಹದೇವುವಿಗೆ. ಮತ್ತೊಬ್ಬರು ಏನೋ ಹೇಳಲು ಹೊರಟಾಗ ಮಹದೇವು ಮಣ್ಣಾದ ಕೈ ಎತ್ತಿ ಸುಮ್ಮನಿರಿಸಿದ. ಊರೆಲ್ಲ ನಿಂತು ಆಲಿಸಿತು. ಬೇವಿನ ಮರದ ಕೆಳಗೆ, ಕೀ ತೆಗೆದ, ಯಾರೂ ಇಲ್ಲದ ಕಾರಿನಲ್ಲಿ ಫ್ಯಾನು ತಿರುಗುತ್ತಿತ್ತು.

ಅದು ನಿಧಾನವಾಯಿತು, ತಡವರಿಸಿತು, ನಿಂತಿತು.

ಚೆಲುವಯ್ಯ ಮುಷ್ಟಿ ಬಿಚ್ಚಿದ.